ಎರಡನೇ ಭಾಗಕ್ಕೆ ಎರಡು ಟಿಕೆಟ್

ಆರು ವರ್ಷದಿಂದ ಮುಖ ಕೊಟ್ಟು ಮಾತಾಡದ ತಮ್ಮ ಇದ್ದಕ್ಕಿದ್ದಂತೆ ಮ್ಯಾಟಿನಿಯ ಟಿಕೆಟ್ ಕಳಿಸಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಗಡಿಯಾರ ರಿಪೇರಿಯ ಅಣ್ಣನಿಗಂತೂ ಅನುಮಾನ ಹುಟ್ಟುಗುಣ.

"ಏನೋ ಬೇಳೆ ಬೇಯಿಸ್ಕೊಳ್ಳೋಕೆ ನೋಡ್ತಿದಾನೆ," ಎಂದ ಹೆಂಡತಿಗೆ.

"ಚಿಕ್ಕವರಿದ್ದಾಗ ಇಬ್ರೂ ಹನ್ನೊಂದು ಸಲ ನೋಡಿದ ಸಿನಿಮಾದ ಎರಡನೇ ಭಾಗ ಅಲ್ವಾ? ಸುಮ್ನೆ ಹೋಗ್ಬನ್ನಿ," ಎಂದಳು ಅವಳು.

ಸುಮ್ಮನೆ ಹೇಗೆ ಹೋಗುವುದು? ತಮ್ಮನದೂ ಅದೇ ಕಸುಬು. ಅಪ್ಪನ ಹೆಸರಿನ ಬೋರ್ಡು ಯಾರಿಗೆಂದು ಜಗಳವಾದ ಮೇಲೆ ಎದುರು ಸಾಲಿನಲ್ಲೇ ಬೇರೆ ಅಂಗಡಿ ಹಾಕಿದ್ದ. ನಾಲ್ಕು ತಿಂಗಳಿಂದ ಅವನು ರಿಪೇರಿ ಮಾಡಿದ ಕೈಗಡಿಯಾರಗಳು ಕೆಟ್ಟು ಅಣ್ಣನ ಮೇಜಿಗೆ ಬರುತ್ತಿದ್ದವು. ಸ್ಕ್ರೂಗಳ ತಲೆಯ ಮೇಲೆಲ್ಲ ಗೀರು. ಒಂದರೊಳಗಂತೂ ಉದ್ದನೆಯ ಕೂದಲು! ಅಪ್ಪನ ಪಕ್ಕ ಕೂತು ಕಲಿತವನು ಇಂಥ ಕೆಲಸ ಮಾಡುತ್ತಾನೆಯೇ? ಬೋರ್ಡು ಸಿಗಲಿಲ್ಲವೆಂಬ ಹೊಟ್ಟೆಕಿಚ್ಚಿಗೆ ಬೇಕೆಂದೇ ಅಪ್ಪನ ಹೆಸರು ಕೆಡಿಸುತ್ತಿದ್ದಾನೆ ಎಂದು ಅಣ್ಣ ತೀರ್ಮಾನಿಸಿಬಿಟ್ಟಿದ್ದ.

ಥಿಯೇಟರಿನಲ್ಲಿ ತಮ್ಮ ಟಿಕೆಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದ. ಮೆಟ್ಟಿಲಲ್ಲಿ ಕಾಲು ತಡವರಿಸಿತು. ಹಗಲಲ್ಲೇ ಏರಿಸಿಕೊಂಡು ಬಂದಿದ್ದಾನೋ ಎಂದು ಅಣ್ಣ ಮೂಸಿ ನೋಡಿದ. ವಾಸನೆಯಿಲ್ಲ. ಹಾಗಾದರೆ ನಾಟಕವೇ ಸರಿ.

ಸಿನಿಮಾಕ್ಕೆ ತಲೆಯಿಲ್ಲ, ಬುಡವಿಲ್ಲ. ಮೊದಲ ಭಾಗದಲ್ಲಿ ಸುಟ್ಟು ಬೂದಿಯಾದ ಖಳನಾಯಕ ಇದರಲ್ಲಿ ಕೂದಲೂ ಕೊಂಕದೆ ವಾಪಸು ಬಂದ. ಮೊಸಳೆ ರಬ್ಬರಿನದು. ನಾಯಕನಿಗೆ ಓಡಿದರೆ ಏದುಸಿರು. ಆದರೆ ಆ ಹಳೆಯ ಸಂಗೀತ ಶುರುವಾದದ್ದೇ ತಡ, ಅಣ್ಣನ ಕಾಲು ತಾನಾಗಿ ತಾಳ ಹಾಕತೊಡಗಿತು. ನಾಚಿಕೆಯಾಗುವಷ್ಟು ಖುಷಿಯಾಯಿತು.

ನಾಯಕ ದೀಪಸ್ತಂಭದ ತುದಿ ಹತ್ತಿದ. ಮೊದಲ ಭಾಗದಲ್ಲೂ ಅಲ್ಲಿಂದಲೇ ಹಡಗಿಗೆ ಹಾರಿದ್ದ. ಹನ್ನೊಂದು ಸಲವೂ ತಮ್ಮ ಹೆದರಿ ಚೀರಿದ್ದ, ಹನ್ನೊಂದು ಸಲವೂ ಅಣ್ಣ ಅವನ ಕಣ್ಣು ಮುಚ್ಚಿದ್ದ. ಈಗ ನಾಯಕ ಜಿಗಿದ. ಅಣ್ಣನ ಅಂಗೈ ಅವನನ್ನು ಕೇಳದೆಯೇ ಹೋಗಿ ಐವತ್ತು ದಾಟಿದ ತಮ್ಮನ ಕಣ್ಣುಗಳ ಮೇಲೆ ಕೂತಿತು.

"ಕೈ ತೆಗಿ ಅಣ್ಣ," ಎಂದ ತಮ್ಮ ಮೆಲ್ಲಗೆ. "ಇದೊಂದ್ಸಲನಾದ್ರೂ ಪೂರ್ತಿ ನೋಡ್ತೀನಿ. ಎರಡೂ ಕಣ್ಣು ಹೋಗ್ತಾ ಇವೆ. ಇನ್ನು ಕೆಲವೇ ತಿಂಗಳು ಕಾಣ್ಸೋದು ಅಂದಿದಾರೆ ಡಾಕ್ಟ್ರು."

ಗೀರು ಬಿದ್ದ ಸ್ಕ್ರೂಗಳು, ಆ ಕೂದಲು, ಮೆಟ್ಟಿಲು. ಅಣ್ಣ ಕೈ ತೆಗೆದ.

"ಯಾಕೋ ಮೊದ್ಲೇ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಂಬ್ತಿದ್ಯಾ?"

ಪರದೆಯ ಮೇಲೆ ನಾಯಕ ಸ್ಲೋಮೋಷನ್ನಿನಲ್ಲಿ ಇನ್ನೂ ಗಾಳಿಯಲ್ಲೇ ಇದ್ದ. ಅವನ ಸೊಂಟಕ್ಕೆ ಕಟ್ಟಿದ ತಂತಿ ಕಣ್ಣಿಗೆ ಹೊಡೆಯುವಂತಿತ್ತು.

"ತಂತಿ ಗಿಂತಿ ಕಟ್ಟಿದಾರಾ, ಅಣ್ಣ?"

ಇನ್ನೊಬ್ಬರ ತಪ್ಪನ್ನು ಜನ್ಮದಲ್ಲಿ ಸುಮ್ಮನೆ ಬಿಡದ ಅಣ್ಣ, "ತಂತಿನಾ? ಇಲ್ವಲ್ಲ! ಸಲೀಸಾಗಿ ಹಾರ್ತಿದಾನೆ ಕಣೋ," ಎಂದ.

ತಮ್ಮ ಕತ್ತಲಲ್ಲಿ ಕಿಸಕ್ಕೆಂದು ನಕ್ಕ. "ಸುಳ್ಳ. ಅಷ್ಟು ದಪ್ಪ ತಂತಿ ನನಗೂ ಕಾಣ್ತು."