ಪಂಚಮಿಗೆ ಕಳಿಸಿದ ಕಾರು

ಬೇವಿನ ಟೊಂಗೆಗೆ ಕಟ್ಟಿದ ಜೋಕಾಲಿಯ ಮೇಲೆ ನಿಂತು ಜೀಕುತ್ತಿದ್ದವಳ ಪಾದ ಒಮ್ಮೆ ಮೇಲಿನ ಎಲೆಗಳಿಗೆ ತಾಗಿತು, ಮತ್ತೆ ಕೆಳಗೆ ಬಂತು, ನಲವತ್ತು ದಾಟಿದ ಹೆಂಗಸು, ನೆರಿಗೆ ಎತ್ತಿ ಸಿಗಿಸಿಕೊಂಡಿದ್ದಾಳೆ, ಬಾಯಲ್ಲಿ ಉಂಡಿ ಇನ್ನೂ ಇದೆ, ರಸ್ತೆಯಲ್ಲಿ ಇಷ್ಟು ಜನ ಹೋಗುತ್ತಿದ್ದಾರೆಂಬ ಖಬರೇ ಇಲ್ಲ — ಯಾಕಿರಬೇಕು, ಪಂಚಮಿಗೆ ತವರಿಗೆ ಬಂದವಳು, ಇವತ್ತೊಂದು ದಿನ ಅವಳು ಯಾರ ಸೊಸೆಯೂ ಅಲ್ಲ — ಅಷ್ಟರಲ್ಲಿ ಕಾರು ಉಣಕಲ್ ದಾಟಿತು, ಶಿವಯೋಗೀಶ ಕುತ್ತಿಗೆ ತಿರುಗಿಸಿ ನೋಡಿದರೆ ಮರವೂ ಇಲ್ಲ, ಜೋಕಾಲಿಯೂ ಇಲ್ಲ, ಬರೀ ಚಿಗರಿ ಬಸ್ಸಿನ ಬೆನ್ನು. ಅಂಗೈ ಬೆವರಿದೆ. ಭಲೇ ಸಾಹುಕಾರ, ಅರವತ್ತಾರು ವರ್ಷ, ಮೂರು ಸಾವಿರ ಕೋಟಿಯ ಕುಳ, ಜರ್ಮನಿಯವರ ಎದುರು ಕಾಲ ಮೇಲೆ ಕಾಲು ಹಾಕಿ ಕೂತು ಕಂಪನಿ ಮಾರಿ ಬಂದವನು, ಇಪ್ಪತ್ತು ಕಿಲೋಮೀಟರ್ ಆಚೆ ಇರುವ ಸ್ವಂತ ಅಕ್ಕನನ್ನು ಹಬ್ಬಕ್ಕೆ ಕರೆಯಲು ಹೋಗುವಾಗ ಅಂಗೈ ಬೆವರಿಸಿಕೊಳ್ಳುತ್ತಾನೆ. ಏಸಿ ಜಾಸ್ತಿ ಮಾಡ್ಲೇನ್ರಿ ಸಾಹೇಬ್ರ, ಎಂದು ಡ್ರೈವರ್ ಹನುಮೇಶ ಕೇಳಿದ, ಬೇಡ ಅಂದ. ಕಂಪನಿ ಮಾರಿ ಇವತ್ತಿಗೆ ನಲವತ್ತು ದಿನ, ಮೊನ್ನೆ ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡ ಮೇಲೆ ನೆನಪಾಯಿತು, ಹೋಗುವ ಜಾಗವೇ ಇಲ್ಲವೆಂದು, ಆ ಬೂಟಿನಲ್ಲೇ ಸುಮ್ಮನೆ ಕೂತಾಗ ಎದುರಿಗೆ ಕಂಡದ್ದು ಹಾಲ್‌ನಲ್ಲಿ ತೂಗುವ ಬೀಟೆಯ ಜೋಕಾಲಿ, ಹಿತ್ತಾಳೆಯ ಸರಪಳಿ, ಇಪ್ಪತ್ತೆರಡು ವರ್ಷದ ಹಿಂದೆ ಅಕ್ಕನಿಗೆಂದೇ ಹಾಕಿಸಿದ್ದು, ಅಕ್ಕ ಒಮ್ಮೆಯೂ ಅದರ ಮೇಲೆ ಕೂತಿಲ್ಲ. ಇವತ್ತು ಕೂಡಿಸಬೇಕು. ಅಷ್ಟೇ, ಮತ್ತೇನೂ ಬೇಡ ಅವನಿಗೆ, ಇವತ್ತು ಅಕ್ಕ ತನ್ನ ಜೊತೆ ಬರಬೇಕು.

ಬರುತ್ತಾಳೆ, ಯಾಕೆ ಬರುವುದಿಲ್ಲ, ಈ ಸಲ ತಾನೇ ಹೋಗುತ್ತಿದ್ದಾನಲ್ಲ. ಅಕ್ಕ ಮುತ್ತವ್ವ, ಅವನಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು, ಅವ್ವ ಅಪ್ಪ ಒಂದೇ ಬೇಸಿಗೆಯಲ್ಲಿ ಹೋದಾಗ ಅವನಿಗೆ ಒಂಬತ್ತು, ಅವಳಿಗೆ ಹದಿನೆಂಟು, ಮದುವೆಯಾಗಿ ಎರಡು ವರ್ಷ, ಮಣ್ಣು ಮಾಡಿ ಬಂದ ಮೂರನೇ ದಿನ ತಮ್ಮನ ಕೈ ಹಿಡಿದುಕೊಂಡು ಧಾರವಾಡದ ಸಪ್ತಾಪುರದ ಗಂಡನ ಮನೆಗೆ ಕರೆತಂದಳು, ಯಾರನ್ನೂ ಕೇಳಲಿಲ್ಲ, ಆಮೇಲೆ ಅನುಭವಿಸಿದಳು. ಮನೆಯಲ್ಲಿ ಖಾನಾವಳಿ, ಯೂನಿವರ್ಸಿಟಿಯ ಹುಡುಗರು ನಲವತ್ತು ಮಂದಿ, ದಿನಕ್ಕೆ ಮುನ್ನೂರು ರೊಟ್ಟಿ ಅಕ್ಕ ಒಬ್ಬಳೇ ಬಡಿಯುತ್ತಿದ್ದಳು, ಆ ಸಪ್ಪಳಕ್ಕೇ ಅವನಿಗೆ ಎಚ್ಚರ. ಅಕ್ಕನ ಅತ್ತೆ ಈರವ್ವ ಅವನು ಉಣ್ಣುವಾಗ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಅವನ ತಾಟಿನ ಕಡೆ ಒಮ್ಮೆ ನೋಡುತ್ತಿದ್ದಳು, ಆ ನೋಟಕ್ಕೆ ಎರಡನೆಯ ರೊಟ್ಟಿಗೆ ಅವನ ಕೈ ಹೋಗುತ್ತಿರಲಿಲ್ಲ, ಅಕ್ಕ ಪಲ್ಯ ಬಡಿಸುವ ನೆಪದಲ್ಲಿ ನಡುವೆ ಬಂದು ನಿಂತುಬಿಡುತ್ತಿದ್ದಳು, ಅವಳ ಸೀರೆಯ ಮರೆಯಲ್ಲಿ ಲಗುಲಗು ತಿನ್ನುತ್ತಿದ್ದ. ಪಂಚಮಿ ಬಂದರಂತೂ ಮುಗಿಯಿತು, ಓಣಿಯ ಸೊಸೆಯರೆಲ್ಲ ಕರೆಯಲು ಬಂದ ಅಣ್ಣತಮ್ಮಂದಿರ ಹಿಂದೆ ಚೀಲ ಹಿಡಿದು ಹೋಗುತ್ತಿದ್ದರು, ಅಕ್ಕ ಒಲೆಯ ಮುಂದೆ, ನೆರೆಯವರು ಕೇಳಿದರೆ ಈರವ್ವ ಅವನ ಕಡೆ ಗದ್ದ ಎತ್ತಿ ತೋರಿಸಿ, ಇಕಿನ್ನ ಯಾರು ಕರಿಯಾಕ ಬರ್ಬೇಕವಾ, ತವರಮನಿ ಇಲ್ಲೇ ತಾಟ ಮುಂದ ಇಟ್ಕೊಂಡು ಕುಂತೈತಲ್ಲ, ಅನ್ನುತ್ತಿದ್ದಳು. ಮಣ್ಣಿನ ನಾಗಪ್ಪನಿಗೆ ಹಾಲು ಹಾಕುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಹನಿ, ದೇವರ ಪಾಲು, ಗುರುವಿನ ಪಾಲು, ಅತ್ತಿ ಪಾಲು, ಮಾವನ ಪಾಲು, ಅದೆಲ್ಲ ಗಟ್ಟಿಯಾಗಿ, ಕೊನೆಯ ಹನಿಗೆ ಅಕ್ಕನ ತುಟಿ ಮಾತ್ರ ಅಲುಗುತ್ತಿತ್ತು, ತಮ್ಮನ ಪಾಲು, ಅದು ಅವನಿಗಷ್ಟೇ ಗೊತ್ತಾಗುತ್ತಿತ್ತು.

ನವನಗರ ಬಂತು, ಸಿಗ್ನಲ್ಲು, ಕೆಂಪು. ಇಪ್ಪತ್ತೆರಡು ವರ್ಷದವನಿದ್ದಾಗ ಇದೇ ರಸ್ತೆಯಲ್ಲಿ ಸೈಕಲ್ ತುಳಿದಿದ್ದ, ಆಗ ಸಿಗ್ನಲ್ಲು ಎಲ್ಲಿತ್ತು, ಬರೀ ಹೊಲ, ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಟರ್ನರ್ ಕೆಲಸ ಹತ್ತಿ ಮೂರು ವರ್ಷ, ತಗಡು ಹೊದಿಸಿದ ಒಂದು ಬಾಡಿಗೆ ಖೋಲಿ, ಒಂದು ಸ್ಟೋವು, ಆ ವರ್ಷ ಚುರಮುರಿ, ಬೆಲ್ಲ, ಶೇಂಗಾ ತಂದಿಟ್ಟು, ಗೋಡೆಗೆ ಸುಣ್ಣ ಹಚ್ಚಿ, ಅಕ್ಕನನ್ನು ಪಂಚಮಿಗೆ ಕರೆಯಲು ಹೋದ. ಅಕ್ಕ ಅವನನ್ನು ಬಾಗಿಲಲ್ಲಿ ಕಂಡವಳೇ ಒಳಗೆ ಹೋಗಿ ಸೀರೆ ಬದಲಿಸಿ ಚೀಲ ಹಿಡಿದು ಬಂದಳು, ಆ ಚೀಲ ಮೊದಲೇ ತುಂಬಿಟ್ಟಿದ್ದಿರಬೇಕು, ಎಷ್ಟು ವರ್ಷದಿಂದಲೋ. ಈರವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು, ಓಣಿಯ ಹೆಂಗಸರು ನಾಲ್ಕು ಮಂದಿ ಅಲ್ಲೇ ಇದ್ದರು. ತಗಡಿನ ಖೋಲಿ ತವರಮನಿ ಹೆಂಗಾಕೈತೋ, ಜೋಕಾಲಿ ಎಲ್ಲಿ ಕಟ್ಟಾಂವ, ಸೈಕಲ್ ಹ್ಯಾಂಡಲ್ಲಿಗೇನು, ಅಂದಳು ಈರವ್ವ. ನಕ್ಕರು, ಎಲ್ಲರೂ ನಕ್ಕರು, ಅಕ್ಕ ಚೀಲ ಕೆಳಗಿಟ್ಟಳು. ಅವನು ನಿಂತು ಎರಡು ಮಾತಾಡಿದ್ದರೆ ಬರುತ್ತಿದ್ದಳು, ಇವತ್ತು ಹಾಗನ್ನಿಸುತ್ತದೆ, ಆದರೆ ಆ ವಯಸ್ಸಿನ ಸಿಟ್ಟು ಎಂಥದು, ಕಿವಿ ಕಾದು ಹೋಗಿತ್ತು, ಸೈಕಲ್ ತಿರುಗಿಸಿಕೊಂಡು ಹೊರಟೇಬಿಟ್ಟ, ಹುಬ್ಬಳ್ಳಿ ಮುಟ್ಟುವವರೆಗೂ ಪೆಡಲ್ಲಿಗೊಂದು ಶಪಥ, ಬಂದರೆ ಕಾರಿನಲ್ಲೇ ಬರುತ್ತೇನೆ, ಮನೆ ಕಟ್ಟಿಸಿ, ಮನೆಯೊಳಗೇ ಜೋಕಾಲಿ ಹಾಕಿಸಿ, ಈ ಮುದುಕಿಯ ಕಣ್ಣು ಹೊರಬರುವಂಥ ಕಾರು ತರುತ್ತೇನೆ.

ತಂದ. ಅದಕ್ಕೆ ಇಪ್ಪತ್ತೆರಡು ವರ್ಷ ಹಿಡಿಯಿತು, ಒಂದು ಹಳೆಯ ಲೇತ್ ಮಷಿನ್ನಿನಿಂದ ಶುರು, ನೀರಿನ ಪೈಪಿಗೆ ಹಾಕುವ ವಾಲ್ವು, ಮೊದಲು ಊರವರಿಗೆ, ಆಮೇಲೆ ಎಣ್ಣೆಯ ಕಂಪನಿಗಳಿಗೆ, ಆಮೇಲೆ ಹಡಗುಗಳಿಗೆ. ಒತ್ತಡ ಕೊಟ್ಟು ನೋಡುವಾಗ ಒಂದು ಹನಿ ಜಿನುಗಿದರೂ ಆ ಲಾಟಿನ ಅಷ್ಟೂ ವಾಲ್ವು ಮುರಿಸುತ್ತಿದ್ದ, ಒಂದು ಹನಿಗೆ ಇಷ್ಟ್ಯಾಕ್ರಿ ಅಂದವರನ್ನು ಮನೆಗೆ ಕಳಿಸುತ್ತಿದ್ದ, ಕೆಟ್ಟ ಮನುಷ್ಯ ಅಂದರು, ಅನ್ನಲಿ. ಮೊದಲ ಆರು ವರ್ಷ ಮಧ್ಯಾಹ್ನದ ಊಟ ಧಾರವಾಡದ ಬಸ್ಸಿನಲ್ಲಿ ಬರುತ್ತಿತ್ತು, ಅಕ್ಕ ಕಂಡಕ್ಟರನ ಕೈಗೆ ಡಬ್ಬಿ ಕೊಡುತ್ತಿದ್ದಳು, ಅತ್ತೆಗೆ ಗೊತ್ತಾಗದಂತೆ, ಎರಡು ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಇವನು ಗ್ರೀಸಿನ ಕೈಯಲ್ಲೇ ತಿಂದು ಡಬ್ಬಿಯನ್ನು ತೊಳೆಯದೇ ವಾಪಸು ಕಳಿಸುತ್ತಿದ್ದ. ಮತ್ತೆ ಹೇಳಿದ್ದೇನು, ಐದು ವರ್ಷದ ಹಿಂದೆ ಧಾರವಾಡದಲ್ಲಿ ಸನ್ಮಾನ ಮಾಡಿದಾಗ ಮೈಕಿನ ಮುಂದೆ ನಿಂತು ಹೇಳಿದ್ದೇನು, ನನ್ನ ಹಿಂದೆ ಯಾರೂ ಇರಲಿಲ್ಲ, ನನ್ನ ಎರಡು ಕೈಗಳೇ ನನ್ನ ಬಂಡವಾಳ! ಚಪ್ಪಾಳೆ ಬಿತ್ತು, ಚಪ್ಪಾಳೆಯ ನಡುವೆ ನಾಲ್ಕನೆಯ ಸಾಲಿನಲ್ಲಿ ಒಂದು ಇಳಕಲ್ ಸೆರಗು ಕಂಡಿತು, ಅಕ್ಕ, ಯಾರೂ ಕರೆಯದೆ ತಾನೇ ಬಂದಿದ್ದಳು, ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ಹಾರದ ಭಾರದಲ್ಲಿ ಕೆಳಗಿಳಿದು ಹುಡುಕಿದರೆ ಕುರ್ಚಿ ಖಾಲಿ, ಸಿಟಿ ಬಸ್ ಹಿಡಿದು ಹೋದರು ಅಂದ ಹನುಮೇಶ. ಯಾರೂ ಇರಲಿಲ್ಲ ಎಂದು ಯಾಕೆ ಅಂದ, ಸುಳ್ಳು ಹೇಳಬೇಕೆಂದಲ್ಲ, ಅಂಥ ಸಭೆಗಳಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ, ಬಾಯಿಗೆ ಬಂತು, ಅಂದ, ನಾಲಿಗೆ ಸೀಳಿ ಹಾಕಬೇಕಿತ್ತು.

ಅದಿರಲಿ, ಕಾರು. ಮನೆಯಾಯಿತು, ಜೋಕಾಲಿಯಾಯಿತು, ಆ ವರ್ಷದ ಪಂಚಮಿಗೆ ಹೊರಗೆ ನಿಂತ ಕಾರು ಎಮ್ಮೆಯ ಹಾಗೆ ಮಿಂಚುತ್ತಿತ್ತು, ಆದರೆ ಆವತ್ತೇ ಹೊರದೇಶದವರು ಮಾಲು ಪರೀಕ್ಷೆಗೆ ಬಂದಿದ್ದರು, ಬಿಟ್ಟು ಹೋಗುವಂತಿರಲಿಲ್ಲ, ಹೊಸದಾಗಿ ಸೇರಿದ್ದ ಹನುಮೇಶನನ್ನು ಕರೆದು, ಸಪ್ತಾಪುರಕ್ಕೆ ಹೋಗು, ಕಾರು ಓಣಿಯ ಒಳಗೇ ತಗೊಂಡು ಹೋಗು, ಬಾಗಿಲ ಮುಂದೇ ನಿಲ್ಲಿಸು, ಎರಡು ಸಲ ಹಾರ್ನ್ ಹೊಡಿ, ಅಂದ. ಎಷ್ಟು ಖುಷಿಯಾಗಿತ್ತು ಆ ದಿನ, ಪರೀಕ್ಷೆ ನಡೆದಿದ್ದಾಗಲೂ ಕಣ್ಣ ಮುಂದೆ ಈರವ್ವನ ಮುಖ, ನೋಡು ಮುದುಕಿ, ಸೈಕಲ್ಲಿನವನ ಕಾರು ನೋಡು. ಕಾರು ಖಾಲಿ ಬಂತು. ಅಕ್ಕಾರಿಗೆ ಜ್ವರ ಬಂದಾವಂತ್ರಿ, ಅಂದ ಹನುಮೇಶ, ಕೈಯಲ್ಲಿ ಉಂಡಿಯ ಡಬ್ಬಿ. ಮರುವರ್ಷ ಇನ್ನೂ ದೊಡ್ಡ ಕಾರು, ಆಗ ಮೊಣಕಾಲು ನೋವು. ಅದರ ಮರುವರ್ಷ ಮನೆಗೆ ಬೀಗರು ಬಂದಿದ್ದರು. ಉಂಡಿ ಮಾತ್ರ ಪ್ರತಿ ವರ್ಷ ಬರುತ್ತಿತ್ತು, ಇವನಿಗೆ ಸಕ್ಕರೆ ಕಾಯಿಲೆ, ಆಫೀಸಿನವರಿಗೆ ಹಂಚಿಬಿಡುತ್ತಿದ್ದ. ಹೆಂಡತಿ ಭಾಗ್ಯಶ್ರೀ ಇರುವವರೆಗೂ ಹೇಳಿದಳು, ಡ್ರೈವರನ್ನ ಕಳಿಸಿದ್ರ ಅವ್ರು ಬರೂದಿಲ್ರಿ, ನೀವ ಹೋಗಿ ಕರೀರಿ. ಕಾರು ಕಳಿಸೇನಲ್ಲ ಅನ್ನುತ್ತಿದ್ದ, ಬರಬರುತ್ತ ಸಿಟ್ಟೂ ಬಂತು, ಅಕ್ಕನಿಗೆ ಸೊಕ್ಕು, ತಮ್ಮ ದೊಡ್ಡವನಾದದ್ದು ಅವಳಿಗೇ ಸೇರುತ್ತಿಲ್ಲ ಎಂದೂ ಒಮ್ಮೆ ಅಂದುಬಿಟ್ಟ, ಭಾಗ್ಯಶ್ರೀ ಅವನನ್ನು ನೋಡಿದ ರೀತಿ, ಅವಳು ಹೋಗಿಯೂ ಮೂರು ವರ್ಷವಾಯಿತು. ಅಕ್ಕನ ಮನೆಯ ಮದುವೆಗೆ ಹೋಗಿದ್ದ, ಅಕ್ಕನ ಗಂಡ ತೀರಿಕೊಂಡಾಗ ಹೋಗಿದ್ದ, ಹಾರ ಹಾಕಿ ಹತ್ತು ನಿಮಿಷ ಕೂತು ಬಂದಿದ್ದ, ಕರೆಯಲು ಮಾತ್ರ ಹೋಗಿರಲಿಲ್ಲ.

ಜುಬಿಲಿ ಸರ್ಕಲ್ ದಾಟಿದ ಮೇಲೆ ಹನುಮೇಶ ಕೇಳದೆಯೇ ಕಾರು ನಿಲ್ಲಿಸಿದ, ಒಂದ ನಿಮಿಷ ಬಂದೆ ಸಾಹೇಬ್ರ ಅಂತ ಇಳಿದು ಹೋದವನು ಬಾಳೆಲೆಯಲ್ಲಿ ಕಟ್ಟಿಸಿದ ಮಲ್ಲಿಗೆ ಮಾಲೆ, ಕಾಗದದಲ್ಲಿ ಕುಪ್ಪಸಕ್ಕೆ ಒಂದು ಗುಳೇದಗುಡ್ಡದ ಖಣ, ಒಂದು ಕೊಬ್ಬರಿ ಗಿಟುಕು ಹಿಡಿದು ಬಂದ. ಯಾರಿಗೆ? ಅಕ್ಕಾರಿಗೆ ರೀ. ಬರಿಗೈಲೆ ಕರಿಯಾಕ ಹೋಗಬಾರದ್ರಿ. ಪ್ರತಿ ವರ್ಷ ಒಯ್ತೀಯೇನು, ಅಂತ ಇವನು ಕೇಳಿದ, ಹೂಂ ರೀ, ಅಂದ, ಆಮೇಲೆ ಕನ್ನಡಿಯಲ್ಲಿ ಇವನ ಕಡೆ ನೋಡದೆ, ನೀವ ಕೊಟ್ಟು ಕಳಿಸೀರಿ ಅಂತ ಹೇಳ್ತಿದ್ದೆರಿ, ತಪ್ಪು ತಿಳಕೋಬ್ಯಾಡ್ರಿ. ಮಲ್ಲಿಗೆಯ ವಾಸನೆ ಕಾರಿನ ತುಂಬ. ಇಪ್ಪತ್ತೆರಡು ಖಣ, ಸಂಬಳದವನ ಕಿಸೆಯಿಂದ, ಸೂಜಿಯ ಮೊನೆಯಷ್ಟು ಸೋರಿದರೂ ಹಿಡಿಯುತ್ತಿದ್ದ ಮನುಷ್ಯನಿಗೆ ಇದು ಒಂದು ಸಲವೂ ಹೊಳೆಯಲಿಲ್ಲ. ಇಲ್ಲಿ ಕೊಡು, ಅಂದ, ಮಡಿಲಲ್ಲಿ ಇಟ್ಟುಕೊಂಡ, ಕಾಗದ ಒದ್ದೆಯಾಯಿತು, ಬೆವರಿಗೋ ಏನೋ.

ಓಣಿ ಬದಲಾಗಿದೆ, ಎರಡೂ ಕಡೆ ಪರೀಕ್ಷೆಗೆ ಓದುವವರ ರೂಮುಗಳು, ಸ್ಕೂಟರುಗಳು, ಕಾರು ಒಳಗೆ ಹೋಗಲಿಲ್ಲ, ಇಳಿದು ನಡೆದ. ಅಕ್ಕನ ಮನೆ ಮಾತ್ರ ಹಾಗೇ ಇದೆ, ಮೇಲೆ ಬಾಡಿಗೆಗೆ ಇರುವ ಹುಡುಗಿಯರು ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ ಜೀಕುತ್ತಿದ್ದಾರೆ, ನಗು, ಗದ್ದಲ, ಅಜ್ಜಿ, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಾರ್ರಿ ಅಂತ ಒಬ್ಬಳು ಕೂಗಿದಳು, ಮುತ್ತವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಎಷ್ಟು ಸಣ್ಣಗಾಗಿದ್ದಾಳೆ. ನೋಡಿದಳು, ಅವನನ್ನು, ಅವನ ಕೈಯ ಖಣವನ್ನು, ಹಿಂದೆ ನಿಂತ ಹನುಮೇಶನನ್ನು, ಮತ್ತೆ ಅವನನ್ನು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಾಗ ಹುಬ್ಬಿಗೆ ಹಿಟ್ಟು ಹತ್ತಿತು. ಎಷ್ಟೋ ಮಾತು ಕೂಡಿಸಿಕೊಂಡು ಬಂದಿದ್ದ, ತಪ್ಪಾತು ಅನ್ನಬೇಕು, ಮೈಕಿನ ಮುಂದೆ ಅಂದದ್ದಕ್ಕೆ ಕಾಲು ಹಿಡಿಯಬೇಕು, ಬಂದದ್ದು ಇಷ್ಟೇ — ಅಕ್ಕಾ, ಕರಿಯಾಕ ಬಂದೇನಿ. ನಡಿ.

ಮುತ್ತವ್ವ ಖಣ ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು, ಅವನ ಗಲ್ಲ ಸವರಿದಳು, ಸೊರಗೀಯಲ್ಲೋ ಶಿವ್ಯಾ, ಉಂಡು ಹೋಗು, ಹನುಮೇಶಾ ನೀನೂ ಬಾರಪ್ಪ. ಹೂಂ, ಉಣ್ಣುತ್ತೇನೆ, ಆಮೇಲೆ ಹೋಗೋಣ, ಜೋಕಾಲಿ ಹಾಕಿಸೇನಕ್ಕ, ಎಂದು ಇವನು ಸಣ್ಣವನ ಹಾಗೆ ಗಡಿಬಿಡಿಯಲ್ಲಿ ಹೇಳುತ್ತಿದ್ದಾಗ ಅವಳು ತಲೆ ಅಲ್ಲಾಡಿಸಿದಳು, ಸಿಟ್ಟಿಲ್ಲ, ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು, ಬಾಗಿಲ ಮಗ್ಗುಲಿನ ಕಟ್ಟೆಯ ಕಡೆ ಕೈ ಮಾಡಿ ತೋರಿಸಿದಳು, ಈರವ್ವ ಕೂರುತ್ತಿದ್ದ ಕಟ್ಟೆ, ಆ ಮುದುಕಿ ಹೋಗಿ ನಾಲ್ಕು ವರ್ಷ. ನೀನ ಬಂದು ಕರೀಬೇಕು ಅಂತ ಕಾಯ್ತಿದ್ದಿದ್ದು ನಾ ಬರಾಕಲ್ಲೋ ತಮ್ಮಾ. ಇಲ್ಲಿ ಕುಂತಾಕಿ ನೋಡ್ಲಿ ಅಂತ. ಇಕಿಗೂ ಒಂದು ತವರೈತಿ, ಬಾಗಲಿಗೆ ಬಂದು ಕರಿಯಾವ ಒಬ್ಬ ಅದಾನ ಅಂತ ಆಕಿ ಒಮ್ಮೆ ನೋಡಿ ಸಾಯ್ಲಿ ಅಂತ. ಕಾರ್ ಬಂದಾಗೆಲ್ಲ ಕೇಳಾಕಿ, ಕಾರ್ ಬಂತು, ತಮ್ಮ ಎಲ್ಲೆ ಅಂತ. ಈಗ ಯಾರ ಮುಂದ ಹೋಗ್ಲಿ ಹೇಳು. ಒಳಗಿನಿಂದ ಯಾರೋ ರೊಟ್ಟಿ ಸೀಯಾಕತ್ತೈತ್ರಿ ಅಜ್ಜಿ ಅಂದರು, ಕುಂದ್ರು, ತಾಟು ಹಚ್ಚತೇನಿ ಅಂತ ಅಕ್ಕ ಒಳಗೆ ಹೋದಳು.

ಅವನು ಅಲ್ಲೇ ನಿಂತಿದ್ದಾನೆ. ಹನುಮೇಶ ಏನೋ ಅಂದ, ಕೇಳಿಸಲಿಲ್ಲ. ಕಟ್ಟೆಯ ಕರಿಕಲ್ಲು, ಐವತ್ತು ಅರವತ್ತು ವರ್ಷ ಒಬ್ಬಳೇ ಕೂತು ಕೂತು ಒಂದು ಕಡೆ ಸವೆದಿದೆ, ನುಣ್ಣಗೆ, ಒಂದು ಮಣೆಯಷ್ಟು ಜಾಗ. ಮುಂದಿನ ವರ್ಷ ಮತ್ತೆ ಬರಬಹುದು, ಪ್ರತಿ ವರ್ಷ ಬರಬಹುದು, ಬೇಕಾದರೆ ಸೈಕಲ್ ತುಳಿದುಕೊಂಡೇ ಬರಬಹುದು — ಆ ಸವೆದ ಜಾಗ. ಹುಡುಗಿಯರಿಗೆ ಹೇಳಬಹುದು, ನೋಡ್ರಿ, ನಾನು ಇಕಿ ತಮ್ಮ, ಕರಿಯಾಕ ಬಂದೇನಿ, ಓಣಿಯವರನ್ನೆಲ್ಲ ಕೂಗಿ ಕರೆದು ಹೇಳಬಹುದು, ಇವರಿಗೇನು ಗೊತ್ತು, ಅಂದು ಯಾರು ನಕ್ಕಿದ್ದರೆಂದು — ಸವೆದ ಜಾಗ, ನುಣ್ಣಗೆ. ಕಂಪನಿ ಮಾರಿದ ದುಡ್ಡೆಲ್ಲ ಸುರಿದರೂ — ಕಟ್ಟೆ. ಆ ಕಲ್ಲು. ಅದರ ಮೇಲೆ ಯಾರೂ ಕೂತಿಲ್ಲ.