ಮಧುಶ್ರೀಯ ಕೊನೆಯ ರೈಡು

ಬಿಳಿಗೆರೆ ಪಕ್ಕದ ಹಳ್ಳಿಯ ಸಿದ್ದರಾಜು ಕಬಡ್ಡಿಯಿಂದಲೇ ಬದುಕು ಕಂಡವನು. ಒಮ್ಮೆ ಕಾಲು ಹಿಡಿದರೆ ಬಿಡದ ಅವನ ಹಿಡಿತಕ್ಕಾಗಿ ಲೀಗ್ ತಂಡಗಳು ಹರಾಜಿನಲ್ಲಿ ಪೈಪೋಟಿಗೆ ಬೀಳುತ್ತಿದ್ದ ಕಾಲವಿತ್ತು. ಭುಜದ ಕೀಲು ಮತ್ತೆ ಮತ್ತೆ ಜಾರತೊಡಗಿದ ಮೇಲೆ ಯಾರೂ ಕರೆಯಲಿಲ್ಲ. ಊರಿಗೆ ಬಂದು ತಿ. ನರಸೀಪುರದಲ್ಲಿ ಹುಡುಗಿಯರ ತಂಡ ಕಟ್ಟಿದ. ಅವನು ಓಡು ಎಂದರೆ ಓಡುವ, ನಿಲ್ಲು ಎಂದರೆ ನಿಲ್ಲುವ ಹುಡುಗಿಯರು. ಆ ನಂಬಿಕೆ ಅವನಿಗೆ ಹಿತವಾಗಿತ್ತು.

ಸೋಮನಾಥಪುರದ ಮಧುಶ್ರೀ ಆ ತಂಡದ ಜೀವ. ಎದುರು ತಂಡದ ಅಂಕಣಕ್ಕೆ ರೈಡಿಗೆ ಹೋದಳೆಂದರೆ ಬರಿಗೈಲಿ ಬರುತ್ತಿದ್ದದ್ದು ಅಪರೂಪ. ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೂ ಅರ್ಜಿ ಹಾಕಿದ್ದಳು. ಓಟದ ಪರೀಕ್ಷೆಯೊಂದು ಬಾಕಿಯಿತ್ತು.

ಹೋದ ವರ್ಷ ನಂಜನಗೂಡಿನ ಪಂದ್ಯಾವಳಿಯ ಫೈನಲ್ಲಿನಲ್ಲಿ, ಆಟ ಮುಗಿಯುವ ಹೊತ್ತಿಗೆ, ಎದುರಾಳಿಯೊಬ್ಬಳ ಮೊಣಕಾಲು ರೈಡಿಗೆ ಹೋಗಿದ್ದ ಮಧುಶ್ರೀಯ ಕಿವಿಯ ಮೇಲೆ ಬಡಿಯಿತು. ಆದರೂ ಬಿದ್ದಲ್ಲಿಂದಲೇ ಕೈಚಾಚಿ ನಡುಗೆರೆ ಮುಟ್ಟಿದಳು. ಆದರೆ ಎದ್ದವಳು ತನ್ನ ಕಡೆಗೆ ಬರದೆ ಎದುರು ತಂಡದ ಹುಡುಗಿಯರ ನಡುವೆ ಹೋಗಿ ನಿಂತಳು. ನಾಯಕಿ ಪವಿತ್ರಾ ಕೈ ಹಿಡಿದು ಎಳೆದು ತಂದಳು. ಜನ ನಕ್ಕರು.

ಸಿದ್ದರಾಜು ನಗಲಿಲ್ಲ. ತಲೆಗೆ ಪೆಟ್ಟು ಬಿದ್ದವರು ದಿಕ್ಕು ತಪ್ಪುವುದನ್ನು ಅವನು ಲೀಗಿನಲ್ಲಿ ಕಂಡಿದ್ದ. ಅಲ್ಲಿ ಡಾಕ್ಟರು ಅಂಥವರನ್ನು ಮತ್ತೆ ಆಡಲು ಬಿಡುತ್ತಿರಲಿಲ್ಲ. ಇಲ್ಲಿ ಡಾಕ್ಟರಿರಲಿಲ್ಲ. ಎದುರಾಳಿಗಳ ರೈಡು ಮುಗಿದ ಮೇಲೂ ತಂಡ ಒಂದು ಅಂಕ ಹಿಂದಿತ್ತು, ತಮಗೆ ಒಂದು ರೈಡು ಉಳಿದಿತ್ತು. ಟೈಮ್ ಔಟ್ ಕೇಳಿ ಅವಳ ಹತ್ತಿರ ಹೋದ.

"ಒಂದೇ ರೈಡು ಕಣವ್ವಾ. ಆಯ್ತದಾ?"

"ಊಂ ಸಾ."

ಅವಳ ಕಣ್ಣನ್ನು ಅವನು ನೋಡಲಿಲ್ಲ. ನೋಡಿದ್ದರೆ ಕೂರಿಸಬೇಕಾಗುತ್ತಿತ್ತು.

ಮಧುಶ್ರೀ ಹೋದಳು, ಇಬ್ಬರನ್ನು ಮುಟ್ಟಿ ಬಂದಳು, ತಂಡ ಗೆದ್ದಿತು. ವಾಪಸು ಬರುವಾಗ ವ್ಯಾನಿನಲ್ಲಿ ವಾಂತಿ ಮಾಡಿಕೊಂಡು ಪ್ರಜ್ಞೆ ತಪ್ಪಿದಳು. ಸಿದ್ದರಾಜು ವ್ಯಾನನ್ನು ಮೈಸೂರಿನ ಕಡೆ ತಿರುಗಿಸಿದ. ತಲೆಯೊಳಗೆ ರಕ್ತಸ್ರಾವವೆಂದು ಡಾಕ್ಟರು ಆಪರೇಷನ್ ಮಾಡಿದರು.

ಜೀವ ಉಳಿಯಿತು. ಎಡಗೈಗೆ ಮೊದಲಿನ ಬಲ ಬರಲಿಲ್ಲ. ಮಾತಾಡುವಾಗ ಪದಕ್ಕಾಗಿ ತಡಕಾಡುತ್ತಿದ್ದಳು. ಓಟದ ಪರೀಕ್ಷೆ ಅವಳು ಹಾಸಿಗೆಯಲ್ಲಿದ್ದಾಗಲೇ ಮುಗಿದುಹೋಯಿತು.

ಸಿದ್ದರಾಜುವನ್ನು ಯಾರೂ ದೂರಲಿಲ್ಲ. ಬದಲಿಗೆ ಅವಳ ಊರಿನವರು ಸೇರಿ ಶಾಲು ಹೊದಿಸಿ, ಪೇಟ ತೊಡಿಸಿದರು. ಮಧುಶ್ರೀಯ ತಾಯಿ ಪುಟ್ಟಗೌರಮ್ಮ ಎಲ್ಲರೆದುರು ಕೈಮುಗಿದು, "ನೀವು ಆವತ್ತು ಮೈಸೂರ್‌ಗೆ ಕರ್ಕೊಂಡ್ ಓಗ್ದೆ ಇದ್ದಿದ್ರೆ ನನ್ ಮಗ್ಳು ಇರ್ತಿರ್ನಿಲ್ಲ ಸಾ," ಎಂದಳು. ಪೇಟದೊಳಗೆ ಅವನ ತಲೆ ಬೆವರುತ್ತಿತ್ತು. ಆಮೇಲೆ ನರಸೀಪುರದಲ್ಲಿ ಅವಳು ಎದುರು ಬರುವುದನ್ನು ಕಂಡರೆ ಬೇರೆ ಬೀದಿ ಹಿಡಿಯತೊಡಗಿದ.

ಒಂದು ಭಾನುವಾರ ಇನ್ನು ತಡೆಯಲಾರದೆ ಅವರ ಮನೆಗೆ ಹೋದ. ಪುಟ್ಟಗೌರಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದಳು. ನಿಂತಲ್ಲೇ ಹೇಳಿದ.

"ಅವ್ಳಿಗೆ ತಲೆಗೆ ಜೋರಾಗಿ ಏಟು ಬಿದ್ದಿದೆ ಅಂತ ನಂಗೆ ಗೊತ್ತಾಗಿತ್ತು ಕಣವ್ವಾ. ಗೊತ್ತಿದ್ದೂ ಕಳಿಸ್ದೆ. ಕಪ್ ಗೆಲ್ಲೋ ಆಸೆಗೆ."

ಅವಳ ಕೈ ಬಕೆಟ್ಟಿನಲ್ಲೇ ನಿಂತಿತು. ಬಯ್ಯುತ್ತಾಳೆಂದು ಕಾದ.

"ನಂಗ್ಯಾಕೆ ಏಳ್ತೀರಿ?" ಎಂದಳು ಕೊನೆಗೆ. "ಒಳ್ಗವ್ಳೆ. ಅವ್ಳಿಗೇಳೋಗಿ."

ಮಧುಶ್ರೀ ಕಿಟಕಿ ಬಳಿ ರಬ್ಬರ್ ಚೆಂಡು ಹಿಚುಕುತ್ತ ಎಡಗೈಗೆ ಕಸರತ್ತು ಮಾಡಿಸುತ್ತಿದ್ದಳು. ಅವನನ್ನು ಕಂಡು ಏಳಲು ಹೋದಳು. ಅವನು ಬೇಡವೆಂದು, ಅವಳ ಮುಂದೆ ನೆಲದ ಮೇಲೆ ಕೂತು, ಅದೇ ಮಾತನ್ನು ಹೇಳಿದ. ಈ ಸಲ ಹೆಚ್ಚು ಹೊತ್ತು ಹಿಡಿಯಿತು.

"ನಂಗೆ ಆ ಮ್ಯಾಚೇ ನೆನಪಿಲ್ಲ ಸಾ," ಎಂದಳು ಅವಳು. "ಎಲ್ರೂ ಏಳ್ತಾರೆ, ತಲೆ ಒಡೆದ್ರೂ ಗೆದ್ಕೊಟ್ಟೆ ಅಂತ. ಅದೊಂದು… ಅದೊಂದು ಖುಸಿ ಇತ್ತು. ನಾನೇ ರೈಡ್‌ಗೆ ಓದೆ ಅಂತ. ನೀವು ಕಳಿಸಿದ್ರಾ?"

"ನಾನೇ ಕಳಿಸ್ದೆ."

ಅವಳು ಗೋಡೆ ಕಡೆ ತಿರುಗಿಕೊಂಡಳು. ಅವಳಿಗೆ ಉಳಿದಿದ್ದ ಒಂದು ಸಂತೋಷವನ್ನೂ ತನ್ನ ಮನಸ್ಸು ಹಗುರ ಮಾಡಿಕೊಳ್ಳಲು ಕಿತ್ತುಕೊಂಡೆ ಎಂಬುದು ಸಿದ್ದರಾಜುವಿಗೆ ಆಗ ಹೊಳೆಯಿತು. ಮನಸ್ಸೇನೂ ಹಗುರವಾಗಿರಲಿಲ್ಲ.

"ನಾನು ಕೋಚಿಂಗ್ ಬಿಡ್ತೀನವ್ವಾ."

"ಬಿಟ್ರೆ ನಿಮ್ಗೆ ಸಲೀಸು," ಎಂದಳು ಗೋಡೆಗೇ. "ಮೊದ್ಲು ಅವ್ರಿಗೆಲ್ಲ ಏಳಿ. ಪವಿತ್ರಂಗೆ, ಎಲ್ರಿಗೂ. ನೀವು ಏಳಿದ್ಕೆಲ್ಲ ಊಂ ಅನ್ಬೇಡಿ ಅಂತ."

ಹೊರಗೆ ಬಂದಾಗ ಪುಟ್ಟಗೌರಮ್ಮ ಮುಖವೆತ್ತಲಿಲ್ಲ. ಕೂತು ಕಾಫಿ ಕುಡಿಯಿರಿ ಎನ್ನದೆ ಆ ಮನೆಯಿಂದ ಅವನನ್ನು ಕಳಿಸಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಹುಡುಗಿಯರನ್ನು ಮೈದಾನದಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದ. ಪವಿತ್ರಾ ಅಳತೊಡಗಿದಳು.

"ಅವ್ಳು ಆ ಕಡೆ ಓಗಿ ನಿಂತಾಗ ನಾನೇ ಅಲ್ವಾ ಸಾ ಎಳ್ಕೊಂಡು ಬಂದಿದ್ದು?"

"ನೀನು ಚಿಕ್ಕೋಳು. ಆ ತಪ್ಪು ನಿಂದಲ್ಲ," ಎಂದ ಸಿದ್ದರಾಜು.

ಆ ವಾರ ಇಬ್ಬರು ಹುಡುಗಿಯರನ್ನು ಮನೆಯವರು ಬಿಡಿಸಿದರು. ಅವನು ಅವರ ಮನೆಗೆ ಕೇಳಲು ಹೋಗಲಿಲ್ಲ. ಉಳಿದವರು ಬಂದರು. ಆದರೆ ಅವನು ಓಡು ಎಂದಾಗ ಮೊದಲಿನಂತೆ ತಟ್ಟನೆ ಓಡಲಿಲ್ಲ. ಒಂದು ಗಳಿಗೆ ಅವನ ಮುಖ ನೋಡಿ, ಆಮೇಲೆ ಓಡಿದರು.