ಕೌದಿಯ ಹೊಟ್ಟೆ

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಅಂತಾರೆ. ಆದರೆ ಮಡಿವಾಳಪ್ಪ ಹಿರಿಯರ ಬಗ್ಗೆ ನಾಲ್ಕು ಮಾತು ಆಡದಿದ್ದರೆ ಈ ಕಥೆ ಹೊಸ್ತಿಲು ದಾಟುವುದಿಲ್ಲ, ಆದ್ದರಿಂದ ಆಡುತ್ತೇನೆ. ಅವರು ನಮ್ಮ ಕ್ರೈಸ್ತ ಸಭೆಯ ಹಿರಿಯರು. ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದ ಮಿಶನ್ ಮನೆಯ ಉಸ್ತುವಾರಿ ಅವರದಾಗಿತ್ತು. ಗಂಡ ಸತ್ತ ಹೆಂಗಸರು, ಹೆತ್ತವರಿಲ್ಲದ ಮಕ್ಕಳು ಆ ಮನೆಯಲ್ಲಿದ್ದರು. ಪ್ಲೇಗಿನಲ್ಲಿ ಎಲ್ಲರನ್ನೂ ಕಳೆದುಕೊಂಡ ನಾನು ಕೈಗೂಸಾಗಿದ್ದಾಗ ಅಲ್ಲಿಗೆ ಬಂದೆನಂತೆ. ದೊಡ್ಡವಳಾದ ಮೇಲೆ ಅಲ್ಲಿನ ಸಾಲೆಯಲ್ಲೇ ಅಕ್ಷರ ಕಲಿಸುತ್ತಿದ್ದೆ. ಹಿರಿಯರು ಬಾಗಿಲಿಗೆ ಬಂದರೆ ನಾವೆಲ್ಲ ಎದ್ದು ನಿಲ್ಲಬೇಕು. ಅಕ್ಕಿ ಜೋಳ ಕೊಡಿಸುವಾಗ ಅವರ ಮುಖ ನೋಡಿದರೆ, ಜೋಳ ಅವರ ಹೊಲದಲ್ಲೇ ಬೆಳೆದದ್ದು ಅನ್ನಬೇಕು. ಅದು ಬರುತ್ತಿದ್ದದ್ದು ಕಡಲಾಚೆಯ ಜನ ಕಳಿಸಿದ ರೊಕ್ಕದಿಂದ.

ಆ ಮನೆ ಕಟ್ಟಿದವಳು ಲೀನಾ ಅಮ್ಮ, ಜರ್ಮನಿಯವಳು. ಹೆಬ್ಬಳ್ಳಿಯ ಮಾಳವ್ವನನ್ನು ಗಂಡ ಸತ್ತ ತಿಂಗಳಲ್ಲೇ ಅತ್ತೆ ಮನೆಯವರು ಹೊರಹಾಕಿದಾಗ, ದಾರಿಯಲ್ಲಿ ಕೂತಿದ್ದವಳನ್ನು ತನ್ನ ಜಟಕಾದಲ್ಲಿ ಕೂರಿಸಿಕೊಂಡು ಬಂದವಳು ಆಕೆಯೇ. ಎರಡನೆಯ ಮಹಾಯುದ್ಧ ಶುರುವಾದಾಗ, ಜರ್ಮನಿಯವಳು ಎಂಬ ಒಂದೇ ತಪ್ಪಿಗೆ ಇಂಗ್ಲಿಷ್ ಸರಕಾರ ಲೀನಾ ಅಮ್ಮನನ್ನು ಹಿಡಿದುಕೊಂಡು ಹೋಯಿತು. ಯುದ್ಧ ಮುಗಿದ ಮೇಲೆ ಹಡಗು ಹತ್ತಿಸಿ ಅವಳ ದೇಶಕ್ಕೆ ಕಳಿಸಿದರು. ನಮಗೆ ಒಂದು ಮಾತು ಹೇಳಿ ಹೋಗಲಿಕ್ಕೂ ಬಿಡಲಿಲ್ಲ. ನನಗೆ ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸ್ವಾತಂತ್ರ್ಯ ಬಂದ ವರ್ಷ, ದಸರೆಯ ಹೊತ್ತಿಗೆ, ಸ್ವಿಸ್ ದೇಶದ ಕೆಲ್ಲರ್ ಸಾಹೇಬರು ಮಿಶನ್ನಿನ ಕೆಲಸ ನೋಡಲು ಧಾರವಾಡಕ್ಕೆ ಬಂದರು. ಭಾನುವಾರ ಹುಬ್ಬಳ್ಳಿಗೆ ಬಂದು, ನಮ್ಮ ದೇವಾಲಯದಲ್ಲಿ ಆರಾಧನೆ ಮುಗಿದ ಮೇಲೆ ಲೀನಾ ಅಮ್ಮನ ಸುದ್ದಿ ಹೇಳಿದರು. ಬಾಂಬು ಬಿದ್ದು ಅರ್ಧ ಉಳಿದ ಒಂದು ಸಾಲೆಯಲ್ಲಿ ಆಕೆ ಅನಾಥ ಮಕ್ಕಳನ್ನೂ ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರನ್ನೂ ಸೇರಿಸಿಕೊಂಡಿದ್ದಾಳೆ, ಹೊದೆಯಲು ಏನೂ ಇಲ್ಲದೆ ಅವರು ಹಳೆಯ ಪೇಪರು ಸುತ್ತಿಕೊಂಡು ಮಲಗುತ್ತಾರೆ, ಹೊರಗೆ ಹಿಮ ಬೀಳುತ್ತದೆ ಅಂದರು.

ಅಂದು ಊಟಕ್ಕೆ ಕೂತಾಗ ಮಾಳವ್ವ ತಾಟಿಗೆ ಕೈ ಹಚ್ಚಲಿಲ್ಲ.

"ಯಾಕಕ್ಕಾ?" ಅಂದೆ.

"ಲೀನಾ ಅಮ್ಮನ ಮಂದಿಗೆ ಕೌದಿ ಹೊಲಿಯೂಣು ಫಕೀರವ್ವ, ಸಾಹೇಬರ ಕೈಯಾಗ ಕಳಸೂಣು," ಅಂದಳು. "ಇಪ್ಪತ್ತ ವರ್ಷಾತು, ಬರೇ ಇಸಗೊಂಡೇನಿ. ಉಣ್ಣೂದು ಇಸಗೊಂಡದ್ದು, ಉಡೂದು ಇಸಗೊಂಡದ್ದು. ಸಾಯೂದ್ರಾಗ ಒಮ್ಮೆರ ಕೊಡಬೇಕು. ಇಲ್ಲಂದ್ರ ನಾನೂ ಒಬ್ಬಾಕಿ ಮನಶ್ಯಾಳು ಅಂತ ನನಗ ಅನಿಸೂದಿಲ್ಲ."

ಕೌದಿಗೆ ಹಳೆಯ ಸೀರೆ ಬೇಕು. ಅದು ಕಂಟ್ರೋಲ್ ಅರಿವೆಯ ಕಾಲ, ಬಟ್ಟೆಯನ್ನು ಸರಕಾರ ಅಳೆದು ಕೊಡುತ್ತಿತ್ತು. ರೊಕ್ಕ ಇದ್ದವರೂ ಗಜ ಬಟ್ಟೆಗೆ ಅಂಗಡಿ ಮುಂದೆ ಪಾಳಿ ನಿಲ್ಲುತ್ತಿದ್ದರು. ನಮ್ಮ ಹೆಂಗಸರ ಹತ್ತಿರ ಎರಡೆರಡು ಸೀರೆ, ಎರಡೂ ತೇಪೆ ಹಚ್ಚಿದವು. ಅದರಲ್ಲೊಂದನ್ನು ಕೊಟ್ಟರು. ಉಳಿದೊಂದನ್ನು ಒಗೆಯುವ ದಿನ, ಅರ್ಧ ಸುತ್ತಿಕೊಂಡು ಅರ್ಧ ಒಣಗಿಸುತ್ತ ಹಿತ್ತಲಲ್ಲಿ ನಗುತ್ತ ನಿಂತಿರುತ್ತಿದ್ದರು. ಅವರ ನಗು ಕೇಳಿ ಬೇಲಿಯಾಚೆಯ ಹಾಜರಾಬಿ ಇಣುಕಿದಳು. ಅವಳ ಗಂಡ ಖಾದರಬಾಷಾ ಹತ್ತಿ ಹಿಂಜಿ ಗಾದಿ ಮಾಡುವವನು. ವಿಷಯ ತಿಳಿದದ್ದೇ ತಡ, ಹಾಜರಾಬಿ ಸೊಂಟದ ಮೇಲೆ ಕೈ ಇಟ್ಟಳು.

"ಅಲ್ಲೆ ಬರ್ಫ್ ಬೀಳ್ತೈತಿ ಅಂತೀರಿ, ಬರೇ ಅರಿವಿ ಏನ ತಡೀತೈತಿ? ನಡುವ ಹತ್ತಿ ಹಾಕ್ರಿ."

"ಹತ್ತಿಗೆ ರೊಕ್ಕ ಎಲ್ಲಿಂದ ತರೂಣು?" ಅಂದಳು ಮಾಳವ್ವ.

"ನನ್ನ ಬಾಣಂತನಕ್ಕ ಲೀನಾ ಅಮ್ಮ ಮಳ್ಯಾಗ ತೊಯ್ಕೋತ ಬಂದಾಗ ರೊಕ್ಕ ಕೇಳಿದ್ಲೇನು? ಸುಮ್ನ ಇರು."

ಮರುದಿನದಿಂದ ಅವಳೂ ಹತ್ತಿಯ ಗಂಟಿನ ಜೊತೆ ಬಂದು ನಮ್ಮ ನಡುವೆ ಕೂತಳು. ಅವಳ ಹೊಲಿಗೆ ನಮ್ಮೆಲ್ಲರಿಗಿಂತ ಸಣ್ಣ, ಬಾಯಿ ನಮ್ಮೆಲ್ಲರಿಗಿಂತ ದೊಡ್ಡದು.

ಹೊಲಿಗೆ ಅರ್ಧಕ್ಕೆ ಬಂದಾಗ ಮಡಿವಾಳಪ್ಪ ಹಿರಿಯರು ಬಂದರು. ನಾವು ಎದ್ದು ನಿಂತೆವು. ಅವರು ಕೋಲಿನ ತುದಿಯಿಂದ ಒಂದು ಕೌದಿಯ ಅಂಚು ಎತ್ತಿ ನೋಡಿದರು. ಕೈಯಿಂದ ಮುಟ್ಟಲಿಲ್ಲ ಪುಣ್ಯಾತ್ಮ.

"ಏನವ್ವ ಇದು? ಹರಕ ಸೀರಿ ಹೊಲದು ವಿಲಾಯತಿಗೆ ಕಳಸ್ತೀರಿ? ಆನಿ ಹೊಟ್ಟಿಗೆ ಅರೆಕಾಸಿನ ಮಜ್ಜಿಗಿ. ಅವರು ನಮಗ ಕೊಡೂ ಮಂದಿ, ನಾವು ತೊಗೊಳ್ಳೂ ಮಂದಿ. ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು."

ಮಾಳವ್ವ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: "ಹಾಸಿಗಿ ನಾವ ಹೊಲಿಯಾಕತ್ತೇವ್ರಿ ಹಿರ್ಯಾರ. ಕಾಲ ಎಷ್ಟ ಚಾಚಬೇಕು ಅನ್ನೂದು ನಮಗ ಬಿಡ್ರಿ."

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಹಿರಿಯರ ಮುಖ ಇಂಗು ತಿಂದ ಮಂಗನಂತಾಯಿತು. ಸಾಹೇಬರು ಹಡಗು ಹತ್ತಲು ಮುಂಬಯಿಗೆ ಹೊರಡುವ ಮೊದಲು ಬಂದು ನೋಡುತ್ತಾರೆ, ಅವರು ಬೇಡ ಅಂದರೆ ಒಂದು ಎಳೆಯೂ ಈ ಮನೆ ದಾಟುವುದಿಲ್ಲ ಅಂತ ಹೇಳಿ ಹೊರಟುಹೋದರು. ಅಷ್ಟು ಮಾತಾಡಿದ ಮಾಳವ್ವ ಆಮೇಲೆ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತ ಕೂತಳು. ಸಾಹೇಬರು ಬೇಡ ಅಂದುಬಿಟ್ಟರೆ ಅವಳಿಗೆ ಇನ್ನೊಂದು ಅವಕಾಶ ಇರಲಿಲ್ಲ.

ಸಾಹೇಬರು ಹಿರಿಯರ ಜೊತೆ ಬಂದದ್ದು ಹೊಲಿಗೆಯ ಕೊನೆಯ ದಿನ. ಕೌದಿಯನ್ನು ಅಂಚಿನಿಂದ ಸುತ್ತಿ ಸುತ್ತಿ ಹೊಲಿಯುತ್ತ ನಡುವಿಗೆ ಬರುತ್ತೇವೆ. ಅಲ್ಲಿ ಅಂಗೈಯಷ್ಟು ಜಾಗ ಹೊಲಿಯದೆ ಉಳಿಸುತ್ತೇವೆ. ಅದು ಕೌದಿಯ ಹೊಟ್ಟೆ. ಹೊಟ್ಟೆಯೊಳಗೆ ಖಡಕ್ ರೊಟ್ಟಿಯ ಒಂದು ಚೂರು ಇಟ್ಟು ಮುಚ್ಚಿ ಹೊಲಿದರೇ ಕೌದಿ ಮುಗಿದಂತೆ. ಹೊಟ್ಟೆ ತುಂಬಿದ ಕೌದಿ ಹೊದ್ದವರು ಹಸಿದು ಮಲಗುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ನಾವು ಎಲ್ಲ ಕೌದಿಗಳ ಹೊಟ್ಟೆ ತುಂಬಿಸಿ, ಕಡೆಯದನ್ನು ಹೊಲಿಯುತ್ತಿದ್ದೆವು.

ಹಿರಿಯರು ರೊಟ್ಟಿ ಕಂಡದ್ದೇ ಸಾಹೇಬರ ಕಡೆ ತಿರುಗಿದರು. "ನೋಡ್ರಿ, ನಾ ಹೇಳಲಿಲ್ಲೇನು? ಬರೇ ಮೂಢನಂಬಿಕಿ."

ಸಾಹೇಬರು ಕೆಳಗೆ ಕೂತು ಕೌದಿಯ ಮೇಲೆ ಅಂಗೈ ಆಡಿಸಿದರು. ಪುಸ್ತಕದಲ್ಲಿ ಕಲಿತ ಕನ್ನಡ ಅವರದು. "ಅಮ್ಮಾ, ಇವು ಬಹಳ ಸೊಗಸಾಗಿವೆ. ಆದರೆ ಹಡಗಿನ ಅಡಿಯಲ್ಲಿ ಇಲಿಗಳು ಹೇರಳವಾಗಿರುತ್ತವೆ. ರೊಟ್ಟಿಯ ವಾಸನೆಗೆ ಬಂದು ಎಲ್ಲವನ್ನೂ ಕಡಿದು ಹಾಕುತ್ತವೆ. ರೊಟ್ಟಿಯೊಡನೆ ಇವನ್ನು ಒಯ್ಯಲಾರೆ."

ಮಾಳವ್ವ ಕಡೆಯ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಇಲಿ ಮಾತು ಖರೇ ಐತ್ರಿ," ಅಂದಳು. "ಆದರ ಹಸದ ಕೌದಿ ನಾವು ಯಾರಿಗೂ ಕೊಡೂದಿಲ್ಲ. ಇವನ್ನ ತೊಗೊಂಡು ಹಡಗಿನ್ಯಾಗ ಹೋಗಾವ್ರು ನೀವ ಹೌದಲ್ರಿ?"

"ಹೌದು. ನಾನೇ ಮುಟ್ಟಿಸುತ್ತೇನೆ."

ಅವಳು ಕತ್ತರಿ ತೆಗೆದುಕೊಂಡು ಒಂದು ಹೊಟ್ಟೆಯ ಹೊಲಿಗೆ ಬಿಚ್ಚಿದಳು. ರೊಟ್ಟಿಯ ಚೂರು ತೆಗೆದು ಸಾಹೇಬರ ಮುಂದೆ ಹಿಡಿದಳು. "ಹಂಗಾದ್ರ ನೀವ ಉಣ್ರಿ. ನಿಮ್ಮ ಹೊಟ್ಟ್ಯಾಗ ಹೋಗಲಿ. ಅಲ್ಲಿಗೆ ಇಲಿ ಬರಂಗಿಲ್ಲ."

ಹಿರಿಯರು ಹೌಹಾರಿ ನಡುವೆ ಬಂದರು. ಸಾಹೇಬರೂ ಹಿಂದೆ ಸರಿದರು. "ಬೇಡಮ್ಮಾ, ಇದು ನಿಮ್ಮ ಪಾಲಿನ ರೊಟ್ಟಿ. ನಿಮ್ಮಿಂದ ನಾನು ಹೇಗೆ ತೆಗೆದುಕೊಳ್ಳಲಿ?"

"ಯಾಕ್ರಿ?" ಅಂದಳು ಮಾಳವ್ವ. ದನಿ ಏರಿರಲಿಲ್ಲ. "ಬರೇ ಕೊಡೂದಷ್ಟ ಕಲ್ತೀರೇನು? ಇಸಗೊಳ್ಳಾಕ ಬರಂಗಿಲ್ಲೇನು?"

ಸಾಹೇಬರು ಅವಳ ಮುಖ ನೋಡಿದರು. ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿ ಬೊಗಸೆಯಲ್ಲಿ ರೊಟ್ಟಿ ತೆಗೆದುಕೊಂಡರು. ನಾವು ಒಂದೊಂದೇ ಕೌದಿಯ ಹೊಟ್ಟೆ ಬಿಚ್ಚಿ ಕೊಡುತ್ತ ಹೋದೆವು, ಅವರು ಕಟಕಟ ಅಗಿಯುತ್ತ ಹೋದರು. ಒಣ ರೊಟ್ಟಿ ಹೇಗೆ ಇಳಿದೀತು ಅಂತ ಹಾಜರಾಬಿ ಮನೆಗೆ ಓಡಿ ಶೇಂಗಾ ಹಿಂಡಿ, ಎಣ್ಣೆ ಕಲಸಿದ ಚಟ್ನಿಪುಡಿ, ತಂದು ಸುರಿದಳು. ಖಾರಕ್ಕೆ ಸಾಹೇಬರ ಮೂಗು ಕೆಂಪಾಯಿತು, ಆದರೂ ಒಂದು ಚೂರು ಬಿಡಲಿಲ್ಲ. ನನಗೆ ಇವಳು ನಮ್ಮಾಕಿ, ನಮ್ಮ ಮಾಳವ್ವ ಅಂತ ಹುಬ್ಬಳ್ಳಿ ಪ್ಯಾಟೆಯಲ್ಲಿ ನಿಂತು ಕೂಗಿ ಹೇಳಬೇಕು ಅನಿಸಿತು.

ಮತ್ತೆ ಹೊಟ್ಟೆ ಹೊಲಿದು, ಕೌದಿಗಳನ್ನು ಗೋಣಿತಟ್ಟಿನಲ್ಲಿ ಕಟ್ಟಿದೆವು. ಹಿರಿಯರಿಗೆ ಮಾಡಲು ಏನೂ ಉಳಿದಿರಲಿಲ್ಲ. ಕೆಮ್ಮಿ ಗಂಟಲು ಸರಿ ಮಾಡಿಕೊಂಡು ನನಗೆ ಹೇಳಿದರು: "ಮ್ಯಾಲ ಬರೀ ಫಕೀರವ್ವ. ಹುಬ್ಬಳ್ಳಿ ಮಿಶನ್ನಿನ ಅನಾಥರು, ವಿಧವೆಯರು ಕಳಿಸಿದ್ದು ಅಂತ ಬರಿ."

ನಾನು ಕುಂಚ ಮಸಿಯಲ್ಲಿ ಅದ್ದಿದೆ. ಮಾಳವ್ವ ನನ್ನ ಕೈ ಹಿಡಿದಳು.

"ಹಂಗ ಬ್ಯಾಡ," ಅಂದಳು. "ಆ ಹೆಣ್ಣಮಕ್ಕಳಿಗೆ ಹಿಂದ ಮುಂದ ಯಾರೂ ಉಳಿದಿಲ್ಲಂತ. ತವರಮನಿಯಿಂದ ಬಂದೈತಿ ಅಂತ ಬರಿ."

ಹಿರಿಯರು ಸಾಹೇಬರ ಮುಖ ನೋಡಿದರು. ಸಾಹೇಬರು ಬರೆಯಿರಿ ಅಂತ ತಲೆ ಆಡಿಸಿದರು.

ಮಕ್ಕಳಿಗೆ ಕಲಿಸುವಾಗ ಆ ಪದವನ್ನು ನಾನು ಎಷ್ಟೋ ಸಲ ಬರೆದಿದ್ದೆ. ಅದು ಬೇರೆಯವರ ಮನೆಯಲ್ಲಿರುವ ವಸ್ತು ಅಂತಲೇ ತಿಳಿದಿದ್ದೆ. ಅಂದು ಗೋಣಿತಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ತವರುಮನೆ, ಬೆಂಗೇರಿ, ಹುಬ್ಬಳ್ಳಿ' ಅಂತ ಬರೆದೆ, ಮಸಿ ಒಣಗುವ ತನಕ ಅದರ ಪಕ್ಕದಲ್ಲೇ ನಿಂತಿದ್ದೆ.